ಅವ್ವ ಅಟ್ಟ ಹತ್ತಿದ ಮಧ್ಯಾಹ್ನ

ಗುಬ್ಬಿ
೨೮ ಏಪ್ರಿಲ್ ೨೦೨೪

ಪ್ರೀತಿಯ ತಮ್ಮ ಚನ್ನೇಶನಿಗೆ ಅಕ್ಕನ ಆಶೀರ್ವಾದಗಳು.

ಕುಣಿಗಲ್‌ನಲ್ಲಿ ನೀನೂ ಮೋನಿಕಾಳೂ ಕ್ಷೇಮವೆಂದು ನಂಬಿದ್ದೇನೆ. ಇಷ್ಟು ದಿನ ನಾನು ಫೋನ್ ಎತ್ತದಿದ್ದುದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಫೋನಿನಲ್ಲಿ ನನ್ನ ಮಾತು ಮುಗಿಯಲು ನೀನು ಬಿಡುವುದಿಲ್ಲ. ಕಾಗದಕ್ಕೆ ನೀನು ಅಡ್ಡ ಬಾಯಿ ಹಾಕಲಾರೆ.

ತುಮಕೂರಿನ ಆಸ್ಪತ್ರೆಗೆ ಬಂದು ನೀನು ‘ಹೆಂಗಾಯ್ತಕ್ಕ?’ ಎಂದಾಗ ನಾನು ಡಾಕ್ಟರ ಕಡೆ ಕೈ ತೋರಿಸಿದ್ದೆ. ಈಗ ಹೇಳುತ್ತೇನೆ. ಅಟ್ಟದಲ್ಲಿ ಒಣಗಲು ಹಾಕಿದ ತೆಂಗಿನಕಾಯಿಗಳನ್ನು ಅವ್ವ ಒಂದೊಂದಾಗಿ ಕಿವಿಗೆ ಹಿಡಿದು ಅಲ್ಲಾಡಿಸಿ, ಒಳಗೆ ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡಿದೆಯೇ ಎಂದು ನೋಡುವುದು ನಿನಗೆ ಗೊತ್ತು. ‘ಬಿಸ್ಲು ನೆತ್ತಿಗೆ ಬಂದಾಗ್ಲೇ ಕಾಯಿ ನಿಜ ಹೇಳೋದು’ ಎನ್ನುವುದು ಅವಳ ಹಠ. ಈ ಬೇಸಿಗೆ ಬೇಡವೆಂದು ನಾನು ಏಣಿಯನ್ನೇ ತೆಗೆದಿಟ್ಟಿದ್ದೆ. ಸಂತೆಯಿಂದ ಬಂದು ನೋಡಿದರೆ ಏಣಿ ಅಟ್ಟಕ್ಕೆ ಒರಗಿದೆ, ಅವ್ವ ಮೇಲೆ ಕಾಯಿಗಳ ನಡುವೆ ಬಿದ್ದಿದ್ದಾಳೆ. ಮೈ ಕಾದ ಹೆಂಚಾಗಿತ್ತು, ಬೆವರಿನ ಹನಿಯೂ ಇಲ್ಲ. ಆಂಬುಲೆನ್ಸಿಗೆ ಫೋನ್ ಮಾಡಿದೆ. ಬಿಸಿ ಮೆದುಳಿಗೆ ಏರಿದೆ, ಮಾತು ಮರಳುವುದು ಅನುಮಾನ ಎಂದರು ಡಾಕ್ಟರು.

ಅದನ್ನು ಕೇಳಿದ ಮೇಲೂ ನೀನು, ‘ಬಿಸ್ಲು ಯಾವಾಗ ಇರ್ಲಿಲ್ಲಕ್ಕ? ತಾತನ ಕಾಲ್ದಲ್ಲೂ ಬರ ಬಂದಿತ್ತು. ಎರಡೊರ್ಷದ ಹಿಂದೆ ಮಳೆ ಸುರಿದು ಕೆರೆ ಕೋಡಿ ಬೀಳ್ಲಿಲ್ವಾ, ಎಲ್ಲಿ ಕಾದದೆ ಭೂಮಿ?’ ಎಂದೆಯಲ್ಲೋ.

ಹಿಂದೊಮ್ಮೆ ಬಣವೆ ತಾನಾಗಿ ಹತ್ತಿಕೊಂಡಿತ್ತು ಎಂದ ಮಾತ್ರಕ್ಕೆ ಈ ಸಲ ಯಾರೂ ಬೀಡಿ ಎಸೆದಿಲ್ಲ ಎಂದಾಗುತ್ತದೆಯೇ? ತಾತ ಬಿಸಿಲಲ್ಲಿ ಉತ್ತದ್ದು ನಿಜ, ರಾತ್ರಿ ಜಗಲಿಯಲ್ಲಿ ಹೊದ್ದು ಮಲಗುತ್ತಿದ್ದದ್ದೂ ನಿಜ. ಈಗ ಬೆಳಗಾದರೂ ಗೋಡೆ ತಣಿಯುವುದಿಲ್ಲ. ಇನ್ನು ನಿನ್ನ ಮಳೆ: ಕಾದ ಗಾಳಿ ಹೆಚ್ಚು ನೀರು ಹೊತ್ತುಕೊಂಡು ಒಮ್ಮೆಲೇ ಸುರಿಯುತ್ತದೆ. ಒಂದು ಹಬ್ಬದೂಟ ನೋಡಿ ಆ ಮನೆಯವರು ವರ್ಷವೆಲ್ಲ ಹಾಗೇ ಉಣ್ಣುತ್ತಾರೆ ಎನ್ನುತ್ತೀಯಾ? ಅವ್ವನ ಒಂದು ಮಧ್ಯಾಹ್ನವನ್ನೇ ಹಿಡಿದು ನಾನೂ ವಾದ ಗೆಲ್ಲಬಾರದು, ಒಪ್ಪುತ್ತೇನೆ. ಆದರೆ ಇಂಥ ಮಧ್ಯಾಹ್ನಗಳು ಹೆಚ್ಚುತ್ತಿವೆ ಕಣೋ.

ನಿಮ್ಮಿಬ್ಬರಿಗೂ ಚನ್ನಬಸವೇಶ್ವರ ಒಳ್ಳೆಯದು ಮಾಡಲಿ. ಬರುವ ಭಾನುವಾರ ಬಂದು ಅವ್ವನ ಹತ್ತಿರ ಸ್ವಲ್ಪ ಹೊತ್ತು ಕೂತಿರು.

ನಿನ್ನ ಅಕ್ಕ,
ರೂಪಶ್ರೀ

ತಾ.ಕ.: ಮರೆತಿದ್ದೆ ಎಂದರೆ ಸುಳ್ಳಾಗುತ್ತದೆ, ಬರೆಯಲು ಕೈ ಬಂದಿರಲಿಲ್ಲ. ಅಟ್ಟ ಹತ್ತುವ ಮುಂಚೆ ಅವ್ವ ಫೋನಿನಲ್ಲಿ ನಿನ್ನನ್ನು ‘ಹತ್ಲಾ?’ ಎಂದು ಕೇಳಿದ್ದಳಂತೆ. ‘ಅಕ್ಕಂಗೇನು ಗೊತ್ತು, ಹತ್ತವ್ವ’ ಎಂದೆಯಂತೆ. ಆಂಬುಲೆನ್ಸಿನಲ್ಲಿ ಒಂದು ಗಳಿಗೆ ಕಣ್ಣು ಬಿಟ್ಟು ಅಷ್ಟನ್ನು ಹೇಳಿದಳು. ‘ಚನ್ನೇಶಂಗೆ ಹೇಳ್ಬ್ಯಾಡ ಕಣೇ, ನೊಂದ್ಕೋತಾನೆ’ ಎಂದಳು. ಆಮೇಲೆ ಅವ್ವ ಮಾತಾಡಿಲ್ಲ.