ಕುರಿಗಳಿಗೆ ವಿಮೆ ಇತ್ತು

ತಮ್ಮಾ ಮಾಳಪ್ಪ,

ಕುರಿಗಳಿಗೆ ವಿಮೆ ಮಾಡಿಸಿದ ದಿನ ಮತ್ತೆ ಮತ್ತೆ ಕಣ್ಣ ಮುಂದೆ ಬರುತ್ತದೆ. ನೆಲೋಗಿಯ ನಿನ್ನ ಮನೆ ಮುಂದೆ ಪಶುವೈದ್ಯರು ಒಂದೊಂದೇ ಕುರಿಯ ಕಿವಿಗೆ ನಂಬರಿನ ಹಳದಿ ಬಿಲ್ಲೆ ಹಾಕುತ್ತಿದ್ದರು. ವಿಮೆ ಮಾಡಿಸು ಎಂದು ಹಟ ಹಿಡಿದವಳು ನಾನು. ಅದನ್ನು ನೋಡಲೆಂದೇ ಕಡಗಂಚಿಯಿಂದ ಬಂದಿದ್ದೆ. "ನೋಡಕ್ಕಾ, ನಿಂಗಮ್ಮಗ ಇನ್ನೂ ಬಂಗಾರದ ಓಲಿ ಮಾಡಿಸಿಲ್ಲ, ಇವಕ್ಕ ಮಾಡಿಸೇನಿ," ಎಂದು ನೀನು ನಕ್ಕಿದ್ದೆ. ಅದನ್ನು ಕೇಳಿ ನಿನ್ನ ಹೆಂಡತಿ ನಿಂಗಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದಳು. ಮಂದೆಗೆ ಏನೇ ಆದರೂ ಮನೆ ನಡೆಯುತ್ತದೆ ಎಂದು ನನಗೆ ಎಷ್ಟು ಸಮಾಧಾನವಾಗಿತ್ತು ಗೊತ್ತೇ?

ಆ ಮಳೆಗಾಲದ ಬೆಳಗು... ಮೇವು ಹುಡುಕಿಕೊಂಡು ನೀನು ಮಂದೆಯೊಂದಿಗೆ ಅಫಜಲಪುರದ ಕಡೆ ಭೀಮಾ ದಂಡೆಗೆ ಹೋಗಿದ್ದೆ. ಮಹಾರಾಷ್ಟ್ರದ ಕಡೆಯ ಮಳೆಗೆ ಹೊಳೆ ಏರಿ, ನೀನಿದ್ದ ದಿಬ್ಬವನ್ನು ಸುತ್ತುಗಟ್ಟಿತ್ತು. ನಾನು ಫೋನ್ ಮಾಡಿದಾಗ ದೋಣಿ ಬಂದು ನಿಂತಿತ್ತು. "ಹತ್ತೋ, ನೀರು ಏರಾಕತ್ತದ!" ಎಂದು ಅಂಬಿಗ ಕೂಗಿದ್ದು ನನಗೂ ಕೇಳಿಸಿತು.

"ಕುರಿ ಬಿಡೋ ಮಾಳಪ್ಪ, ಹೆಂಗೂ ವಿಮಾ ಅದ!" ಎಂದೆ.

"ವಿಮಾ ಅದಂತ ನನಗ ಗೊತ್ತದ ಅಕ್ಕಾ. ಅವಕ್ಕ ಗೊತ್ತಿಲ್ಲಲ್ಲ. ನನ್ನ ಕಡೆನೇ ನೋಡಿ ಒದರಾಕತ್ತಾವ."

ಸಣ್ಣ ಮರಿಗಳನ್ನಷ್ಟೇ ದೋಣಿಗೆ ಹಾಕಿ ನೀನು ಅಲ್ಲೇ ಉಳಿದೆ. ಅಂಬಿಗ ಅವುಗಳನ್ನು ಇಳಿಸಿ ತಿರುಗಿ ಬರುವಷ್ಟರಲ್ಲಿ ದಿಬ್ಬವೇ ಇರಲಿಲ್ಲವಂತೆ. ದೋಣಿಯಲ್ಲಿ ಒಬ್ಬನಿಗೆ ಜಾಗವಿರಲಿಲ್ಲವೇ ತಮ್ಮಾ?

ನೀರು ಇಳಿದ ಮೇಲೆ ಜಾಲಿಯ ಮುಳ್ಳುಕಂಟಿಯಲ್ಲಿ ನಿನ್ನನ್ನು ಮೊದಲು ಕಂಡವಳು ನಿಂಗಮ್ಮ. ನಿನ್ನ ಕೈ ಒಂದು ಸತ್ತ ಕುರಿಯ ಕೊರಳ ಉಣ್ಣೆಯಲ್ಲಿ ಸಿಕ್ಕಿಕೊಂಡಿತ್ತು. ಪಂಚನಾಮೆಗೆ ಬಂದವರು ಅದರ ಬಿಲ್ಲೆಯ ನಂಬರು ನೋಡಲು ಬಗ್ಗಿದರು. "ಮೊದಲ ಅವರ ಕೈ ಬಿಡಸ್ರಿ," ಎಂದಳು ಆಕೆ.

ವಿಮೆಯ ದುಡ್ಡು ಬಂತು. ಹೊಳೆ ಒಯ್ದ ಕುರಿಗಳಿಗೆ ತೋರಿಸಲು ಬಿಲ್ಲೆಯಿಲ್ಲದೆ ಸಿಗಲಿಲ್ಲ, ದೇಹ ಸಿಕ್ಕವುಗಳಿಗೆ ಬಂತು. ಅದರಿಂದ ನಿನ್ನ ಮನೆಯ ಒಲೆ ಆರಲಿಲ್ಲ, ಅದು ನಿಜ. ಆದರೆ ನಿಂಗಮ್ಮ ತಟ್ಟಿದ ರೊಟ್ಟಿ ಮುರಿದು, ತುಂಡನ್ನು ಮತ್ತೆ ತಟ್ಟೆಗೇ ಇಟ್ಟುಬಿಡುತ್ತೇನೆ.

ಮೊನ್ನೆ ಜೇವರ್ಗಿ ಸಂತೆಯಿಂದ ಆಕೆಯ ಫೋನ್ ಬಂತು. ನೀನು ಕೇಳದ ಸುದ್ದಿ ಇದು. "ಯಕ್ಕಾ, ಕುರಿ ತಗೊಂಡೇನ್ರಿ. ಮಂದಿ ಬ್ಯಾಡಂದ್ರು. ನನಗ ಬ್ಯಾರೆ ಕೆಲಸ ಬರಂಗಿಲ್ರಿ."

"ನೀರು ಬಂದ್ರ ಏನ್ ಮಾಡ್ತೀ ಬೇ?"

"ಬಿಟ್ಟು ಬರ್ತೇನ್ರಿ," ಎಂದಳು. ಆಕೆಯ ಹಿಂದೆ ಕುರಿಗಳು ಒದರುತ್ತಿದ್ದವು. ಆಕೆ ಮಾತು ನಿಲ್ಲಿಸಿ ಅವುಗಳನ್ನು ಸಮಾಧಾನ ಮಾಡತೊಡಗಿದಳು. ಥೇಟ್ ನಿನ್ನದೇ ದನಿ.

ಇನ್ನು ಹೊಳೆ ಏರುವ ಸುದ್ದಿ ಬಂದರೆ ನಾನು ಇಲ್ಲಿ ಕುಳಿತು ಫೋನಿನಲ್ಲಿ ಕೂಗುವುದಿಲ್ಲ, ತಮ್ಮಾ. ದಂಡೆಗೇ ಹೋಗುತ್ತೇನೆ. ಬೈದರೆ ಬೈಯಲಿ, ಆಕೆಯ ರಟ್ಟೆ ಹಿಡಿದು ಎಳೆದುಕೊಂಡು ಬರುತ್ತೇನೆ.

ನಿನ್ನ ಅಕ್ಕ