ಬಿಳಿಯಾದ ಸಾಲುಗಳು

ಸೆಪ್ಟೆಂಬರ್ 29, ಸೋಮವಾರ

ಇವತ್ತೂ ಅದೇ. ಕಂಪ್ಯೂಟರಿನ ಕಪ್ಪು ಪರದೆ, ಡ್ರೈಯರುಗಳ ಬಿಸಿ ಹೇಳುತ್ತಾ ಓಡುವ ಸಾಲುಗಳು. ಹಸಿರು ಬಂದರೆ ಸುಮ್ಮನಿರಬೇಕು. ಹಳದಿ ಬಂದರೆ ಮಾಯಣ್ಣನಿಗೆ ಕೂಗಬೇಕು — ಡ್ರೈಯರಿನ ಒಲೆಗೆ ತೆಂಗಿನ ಚಿಪ್ಪು ಹಾಕುವುದು ನಿಲ್ಲಿಸುತ್ತಾನೆ. ಕೆಂಪು ಬಂದರೆ ಬೆಲ್. ಕಾಯಿಪುಡಿಯ ಟ್ರೇ ಎಳೆಯುವವರು ಹಿಂದೆ ಸರಿಯುತ್ತಾರೆ. ಮೂರನೇ ಡ್ರೈಯರಿನಲ್ಲಿ ಎಳೆಯುವವಳು ಅಮ್ಮ.

ಸಾಲುಗಳೆಲ್ಲ ಇಂಗ್ಲಿಷ್. ನಾಲ್ಕು ಡ್ರೈಯರಿನವೂ ಕಲಸಿಕೊಂಡು ಓಡುತ್ತವೆ. ಐದನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು... ಬಣ್ಣ ಮಾತ್ರ ನೋಡುತ್ತೇನೆ. ಅಷ್ಟು ಸಾಕು ಅಂದಿದ್ದ ಸಿದ್ದಾರ್ಥ್ — ಓನರ್ ಮರುಳಪ್ಪನವರ ಅಕ್ಕನ ಮಗ, ಪ್ರೋಗ್ರಾಂ ಬರೆದವನು. "ಬಣ್ಣಕ್ಕೆ ಒಂದು ಪುಟ್ಟ ಲೈಬ್ರರಿ ಹಾಕಿದ್ದೀನಿ ಕಣಮ್ಮ." ಪುಸ್ತಕ ಎಲ್ಲಿ ಅಂತ ಕೇಳಿಬಿಟ್ಟೆ. ಅವನು ನಗಲಿಲ್ಲ. "ಪುಸ್ತಕ ಇಲ್ಲ. ಅಕ್ಷರಕ್ಕೆ ಬಣ್ಣ ಬಳಿಯೋ ಡಬ್ಬಿ ಅನ್ಕೋ. ಹಗುರ. ಈ ಹಳೇ ಕಂಪ್ಯೂಟರ್‌ಗೂ ಭಾರ ಆಗಲ್ಲ."

ಅಕ್ಟೋಬರ್ 1, ಬುಧವಾರ

ಆಯುಧಪೂಜೆ. ಒಲೆ ಆರಿಸಿ, ಮೆಷಿನ್ ಎಲ್ಲ ತೊಳೆದು, ಬಾಳೆಕಂದು ಕಟ್ಟಿದ್ದರು. ಫ್ಯಾಕ್ಟರಿಗೆ ಹೋದ ಮೇಲೆ ಮುಟ್ಟಾದೆ. ಮೂಲೆಯಲ್ಲಿ ನಿಂತೆ. ಓನರ್ ಹೆಂಡತಿ ದ್ರಾಕ್ಷಾಯಣಮ್ಮ ಕುಂಕುಮದ ಬಟ್ಟಲು ಚಾಚಿದರು. "ಜೀವಿತಾ, ಬಾರೇ. ನಿನ್ನ ಕಂಪ್ಯೂಟರ್‌ಗೆ ನೀನೇ ಇಡು."

ಬೇಡ ಅಂತ ತಲೆಯಾಡಿಸಿದೆ.

"ನೋಡ್ರಿ ಇವಳ್ನ, ಅದನ್ನೇ ಮದ್ವೆ ಆಗೋಳ ಥರ ನಾಚ್ಕೋತಾಳೆ."

ಗಂಡಸರೆಲ್ಲ ನಕ್ಕರು. ಅಷ್ಟು ಜನರ ಮುಂದೆ ಹೇಗೆ ಹೇಳಲಿ... ಇಟ್ಟೆ. ಬೆರಳು ಪರದೆಗೆ ತಾಗಿತು.

ಮುಟ್ಟಾಗಿದ್ದು ಸಂಜೆ ಅಂತ ಅಮ್ಮನಿಗೆ ಸುಳ್ಳು ಹೇಳಿದೆ.

ಅಕ್ಟೋಬರ್ 3, ಶುಕ್ರವಾರ

ಎಲ್ಲ ಬಿಳಿ. ಒಂದು ಸಾಲಿಗೂ ಬಣ್ಣವಿಲ್ಲ.

ಸಿದ್ದಾರ್ಥ್ ಬೇಗ ಬಂದು, ಸಾಲುಗಳೆಲ್ಲ ಕಂಪ್ಯೂಟರಿನ ಫೈಲಿಗೂ ಹೋಗಿ ಉಳಿಯುವ ಹಾಗೆ ಮಾಡಿ, ತುಮಕೂರಿಗೆ ಹೋದನಂತೆ. ಅವನಿದ್ದಾಗ ಸರಿಯಿತ್ತೇನೋ. ನಾನು ಕೂತ ಮೇಲೆ ಹೀಗೆ. ನನ್ನ ಬೆರಳೇ. ಇನ್ನೇನೂ ಅಲ್ಲ.

ಯಾರಿಗೂ ಹೇಳಲಿಲ್ಲ. ಏನು ಮಾಡಿದೆ ಅಂದರೆ ಏನು ಹೇಳುವುದು. ಮೂಗನ್ನು ನಂಬಿ ಕೂತೆ. ಪುಡಿ ಕಾದರೆ ಮೊದಲು ಸಿಹಿ ವಾಸನೆ, ಆಮೇಲೆ ಸೀದ ವಾಸನೆ.

ಅಕ್ಟೋಬರ್ 6, ಸೋಮವಾರ

ತಲೆಗೆ ನೀರು ಹಾಕಿಕೊಂಡು ಊರಮ್ಮನ ಗುಡಿಗೆ ಹೋದೆ. ತಪ್ಪಾಯಿತು ಅಂದೆ. ಬಂದು ಸ್ವಿಚ್ ಹಾಕಿದೆ — ಬಿಳಿ.

ಹೆದರಿ ಎರಡು ಸಲ ಸುಮ್ಮನೆ ಬೆಲ್ ಹೊಡೆದೆ. ಮಾಯಣ್ಣ ಬಂದ. "ಏನವ್ವ, ಇದೇನ್ ಇಸ್ಕೂಲಾ ಗಳಿಗೆಗೊಂದ್ ಗಂಟೆ ಹೊಡಿಯಾಕೆ? ಒಲೆ ಕಾಯಕ್ಕೆ ಬುಡು ಒಸಿ." ಹೇಳಿ ನಕ್ಕ. ಅವನಿಗೆ ಹೇಳಬಹುದಿತ್ತು. ಪರದೆಯ ಕಡೆ ತಿರುಗಿ ಕೂತೆ.

ಅಕ್ಟೋಬರ್ 8, ಬುಧವಾರ

ಪಕ್ಕದ ತೋಟದಲ್ಲಿ ಇದ್ದಿಲಿಗೆ ಚಿಪ್ಪು ಸುಟ್ಟರು. ಹೊಗೆ ಒಳಗೆಲ್ಲ ತುಂಬಿತು. ಮೂಗಿಗೆ ಏನೂ ತಿಳಿಯಲಿಲ್ಲ. ಬಿಳಿ ಸಾಲು ಓಡುತ್ತಲೇ ಇತ್ತು... ಅಮ್ಮ ಕೂಗಿದ್ದು ಕೇಳಿತು.

ಟ್ರೇಯಲ್ಲಿ ಬೆಂಕಿ. ಅಮ್ಮನ ಬಲಗೈ. ಮೊಣಕೈವರೆಗೆ.

ಅಕ್ಟೋಬರ್ 9, ಗುರುವಾರ

ಆಸ್ಪತ್ರೆಯಿಂದ ಕರೆತಂದೆ. ಕೈಗೆ ಅಪಾಯವಿಲ್ಲ, ವಾಸಿಯಾಗಲು ಬಹಳ ದಿನ ಬೇಕು ಅಂದರು. ಮರುಳಪ್ಪನವರು ಮನೆಗೇ ಬಂದರು.

"ಕೆಂಪು ಬರ್ಲಿಲ್ವೇನಮ್ಮ?"

ಇಲ್ಲ ಅಂತ ತಲೆಯಾಡಿಸಿದೆ. ಬರಲಿಲ್ಲ, ನಿಜ.

"ಹಂಗಾದ್ರೆ ಆ ಮಾಯಣ್ಣಂದೇ ಕೆಲ್ಸ. ಒಂದೇ ಸಲಕ್ಕೆ ಚಿಪ್ಪು ತುರುಕವ್ನೆ, ಕೆಂಪು ಬರಾಕೂ ಟೈಮ್ ಇಲ್ದಂಗೆ. ನಾಳೆಯಿಂದ ಬರ್ಬೇಡ ಅಂತೀನಿ."

ಕಾಫಿ ತರುತ್ತೇನೆ ಅಂತ ಒಳಗೆ ಹೋದೆ.

ಅಕ್ಟೋಬರ್ 11, ಶನಿವಾರ

ಮಾಯಣ್ಣ ಬಸ್ ಸ್ಟ್ಯಾಂಡಿನಲ್ಲಿ ಎಳನೀರು ಇಳಿಸುತ್ತಿದ್ದ. "ರಂಗಮ್ಮನ ಕೈ ಹೆಂಗೈತವ್ವ? ನಾನು ಜಾಸ್ತಿ ಹಾಕ್ಲಿಲ್ಲ ಕಣವ್ವ. ನೀನಾದ್ರೂ ನಂಬು." ಹೂಂ ಅಂದೆ. ಬಸ್ಸು ಹತ್ತಿದೆ.

ಸಿದ್ದಾರ್ಥ್ ಬಂದಿದ್ದ. ಪರದೆ ನೋಡಿ ನಿಂತುಬಿಟ್ಟ. ಕೂತು ಏನೋ ಒಂದು ಸಾಲು ಒತ್ತಿದ. ಹಸಿರು ಬಂತು. ಹಳದಿಯೂ. "ಸಾಲು ಫೈಲ್‌ಗೆ ಹೋಗ್ತಿದ್ರೆ ಈ ಲೈಬ್ರರಿ ತಾನಾಗೇ ಬಣ್ಣ ನಿಲ್ಲಿಸ್ಬುಡುತ್ತೆ. ಎದುರಿಗೆ ನೋಡೋರು ಯಾರೂ ಇಲ್ಲ ಅನ್ಕಂಡು. ನಾನೇ ಮರ್ತೆ. ಯಾವತ್ತಿಂದ ಹಿಂಗಿದೆ?"

"ಇವತ್ತಿಂದ."

ಯಾಕೆ ಹಾಗಂದೆನೋ. ನಂಬಿದನೋ ಇಲ್ಲವೋ. ಎದ್ದು ಹೋದ.

ನನ್ನ ಬೆರಳಲ್ಲ. ಗೊತ್ತಾಯಿತು. ಮೊದಲ ದಿನವೇ ಹೇಳಿದ್ದರೆ... ಇನ್ನೂ ಹೆಚ್ಚು ಸಂಕಟ.

ಅದೇ ದಿನ, ಸಂಜೆ

ಅಮ್ಮನಿಗೆ ಅನ್ನ ಕಲಸಿ ತಿನ್ನಿಸುತ್ತಾ ಎಲ್ಲ ಹೇಳಿದೆ. ಮುಟ್ಟು, ಕುಂಕುಮ, ಬಿಳಿ, ಫೈಲು, ಮಾಯಣ್ಣ. ಹೊಡೆಯುತ್ತಾಳೆ ಅಂದುಕೊಂಡೆ. ಅಗಿಯುವುದು ನಿಲ್ಲಿಸಿದಳು.

"ಅವತ್ತು ನಾನೂ ಮುಟ್ಟಾಗಿದ್ದೆ ಕಣೇ. ಡ್ರೈಯರ್‌ಗೆ ಅರಿಶಿನ ಇಡು ಅಂದ್ರು. ಗಂಡಸ್ರು ನಿಂತಿದ್ರು. ಇಟ್ಟೆ. ಸಂಜೆ ಆಯ್ತು ಅಂತ ನಿಂಗೂ ಸುಳ್ಳೇಳ್ದೆ." ಕಟ್ಟಿದ ಕೈ ನೋಡಿಕೊಂಡಳು. "ಇದು ಅದಕ್ಕೇ ಸುಟ್ತು ಅನ್ಕಂಡು ಸುಮ್ಕಿದ್ದೆ."

ಅನ್ನದ ತಟ್ಟೆ ಹಾಗೇ ಮುಚ್ಚಿಟ್ಟೆ.

ಅಕ್ಟೋಬರ್ 12, ಭಾನುವಾರ, ಬೆಳಿಗ್ಗೆ

ಮರುಳಪ್ಪನವರ ಮನೆಗೆ ಹೋಗಬೇಕು. ಮಾಯಣ್ಣನದು ತಪ್ಪಿಲ್ಲ, ಹಬ್ಬ ಮುಗಿದ ಶುಕ್ರವಾರದಿಂದಲೇ ಬಣ್ಣವಿರಲಿಲ್ಲ ಅನ್ನಬೇಕು. ಅಷ್ಟು ದಿನ ಯಾಕೆ ಹೇಳಲಿಲ್ಲ ಅಂತ ಕೇಳೇ ಕೇಳುತ್ತಾರೆ. ಸಿದ್ದಾರ್ಥನೂ ಅಲ್ಲೇ ಇರುತ್ತಾನೆ... ಹೇಳಬೇಕಾದ್ದನ್ನು ಒಂದು ಸಲ ಇಲ್ಲಿ ಬರೆದುಕೊಂಡರೆ ಬಾಯಿಗೆ ಬರಬಹುದು.

ಅಮ್ಮ ಎಡಗೈಯಲ್ಲೇ ಸೆರಗು ಸರಿಮಾಡಿಕೊಂಡು ಬಾಗಿಲಲ್ಲಿ ನಿಂತಿದ್ದಾಳೆ. ತಾನೂ ಬರುತ್ತಾಳಂತೆ. "ನಡಿಯೇ. ಬಿಸ್ಲಾಯ್ತು."

ಸಾರ್, ಪೂಜೆ ದಿನ ನಾನು