ಬಾವಿ ಕುಡಿದ ನೀರು

ಮಾನ್ಯ ಬರ ಪರಿಹಾರಾಧಿಕಾರಿಗಳಿಗೆ,

ಇಂದು ಬೆಳಿಗ್ಗೆ ಟ್ಯಾಂಕರಿನ ನೀರು ಬಾವಿಗೆ ಬೀಳುತ್ತಿದ್ದಾಗ ತಳದ ಬಿರುಕುಗಳಿಂದ ಗುಳ್ಳೆಗಳೇಳುವುದನ್ನು ಕಂಡೆ. ಗುಳ್ಳೆ ನಿಲ್ಲುವಷ್ಟರಲ್ಲಿ ಮುಕ್ಕಾಲು ನೀರು ಇಂಗಿಹೋಗಿತ್ತು. ಜನ ಕಿತ್ತಾಡಬಾರದೆಂದು ನೀರನ್ನು ಊರ ಬಾವಿಗೇ ಸುರಿಯಲು ನೀವು ಆದೇಶಿಸಿದ್ದೀರಿ.

"ನಮಗಿಂತ ಬಾವಿಗೇ ಬಾಯಾರಿಕೆ ಕಣಮ್ಮಾ, ಮೊದ್ಲು ಅದು ಕುಡೀಲಿ ಬಿಡು" ಎಂದರು ಒಬ್ಬ ಅಜ್ಜಿ. ಯಾರಿಗೂ ನಗು ಬರಲಿಲ್ಲ.

ಉಳಿದದ್ದು ಕೊಡ ಮುಳುಗದಷ್ಟು ಕೆಸರು ನೀರು. ಅದನ್ನು ಚೊಂಬಿನಲ್ಲಿ ಮೊಗೆಯಲು ಅಜ್ಜಿಯ ಬಸುರಿ ಸೊಸೆ ಹಗ್ಗ ಹಿಡಿದು ಇಳಿದಳು. ನಡುವೆ ಕೈ ಜಾರಿತು. ಅವಳು ಬದುಕಿದ್ದಾಳೆ. ಮಗುವಿನ ಬಗ್ಗೆ ನರ್ಸಮ್ಮ ಏನೂ ಹೇಳುತ್ತಿಲ್ಲ.

ದಯವಿಟ್ಟು ನೀರು ತುಂಬಿಡಲು ಒಂದು ಪ್ಲಾಸ್ಟಿಕ್ ತೊಟ್ಟಿ ಕಳುಹಿಸಿ; ಚಿಕ್ಕದಾದರೂ ಸಾಕು, ಹಳೆಯದಾದರೂ ಆದೀತು. ನಿಮ್ಮೆದುರು ನಿಂತರೆ ನನಗೆ ಬಾಯಿ ಬರುವುದಿಲ್ಲ, ಅದಕ್ಕೇ ಈ ಪತ್ರ.

ತೊಟ್ಟಿ ಬರುವವರೆಗೆ ಕಾಯಲಾರೆ. ನಾಳೆ ಕೊಡಗಳನ್ನು ಸಾಲಾಗಿ ಇಡಿಸಿ, ಪೈಪನ್ನು ನಾನೇ ಹಿಡಿದು ತುಂಬಿಸುತ್ತೇನೆ. ಕಿತ್ತಾಟವಾದರೆ ನಡುವೆ ನಾನಿರುತ್ತೇನೆ.

"ಮೇಲಿನವರು ಕೇಳಿದ್ರೆ ಯಾರು ಹೇಳಿದ್ದು ಅನ್ಲಮ್ಮಾ?" ಎಂದು ಟ್ಯಾಂಕರ್ ಚಾಲಕರು ಅಂಜುತ್ತಲೇ ಕೇಳಿದರು. ನನ್ನ ಹೆಸರು ಕೊಟ್ಟಿದ್ದೇನೆ.

ಇಂತಿ,
ನೀರು ಹಂಚುವ ಕೆಲಸಕ್ಕೆ ನೀವು ಕಳಿಸಿದ ಹುಡುಗಿ